ಕೆಲಸ ಹೋದ ಮೇಲೆ ಗೀಜಗದ ಗೂಡು ನೋಡುತ್ತಾ ಕುಳಿತವರು

ಇವತ್ತು ಕ್ಯಾಂಪಸ್ ಸಂದರ್ಶನಕ್ಕೆ ಬರುವ ಯಾವುದೇ ಕಂಪನಿಯ ಮುಂದೆ ಸಲೀಂ ಅಲಿ ಅವರ ಬಯೋಡೇಟಾ ಇಟ್ಟರೆ ಅದು ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಸರಿಯುತ್ತದೆ. ಮೆಟ್ರಿಕ್ ಹೇಗೋ ಪಾಸು. ಕಾಲೇಜು ಮೊದಲ ವರ್ಷಕ್ಕೇ ಬಿಟ್ಟದ್ದು. ನಡುವೆ ಕೆಲವು ವರ್ಷ ಬರ್ಮಾದಲ್ಲಿ ಮನೆಯವರ ವ್ಯಾಪಾರ, ಅದೂ ಕೈಹತ್ತಲಿಲ್ಲ. ಸಿಕ್ಕ ಒಂದು ಕೆಲಸದಿಂದ ಎರಡೇ ವರ್ಷಕ್ಕೆ ರಜೆ ಹಾಕಿ ಓದಲು ಹೋದರು. ಮರಳಿ ಬರುವಷ್ಟರಲ್ಲಿ ಆ ಹುದ್ದೆಯೇ ಇರಲಿಲ್ಲ. ಮೂವತ್ತಮೂರು ದಾಟಿದ್ದ, ಮದುವೆಯಾಗಿದ್ದ, ಕೈಯಲ್ಲಿ ಡಿಗ್ರಿಯಿಲ್ಲದ ಈ ಮನುಷ್ಯ ಮುಂದೆ ಭಾರತದಲ್ಲಿ ಹಕ್ಕಿಗಳ ಮಾತು ಬಂದಲ್ಲೆಲ್ಲ ಮೊದಲು ನೆನಪಾಗುವ ಹೆಸರಾದರು.

ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆ ಹೊತ್ತು ನಿಂತು ನೋಡಿ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಗೈಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ನಮ್ಮ ವಯಸ್ಸಿನವರು ಎಷ್ಟು ಮಂದಿ! ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸಿಗೆ ಬಂದು, ಕೋಚಿಂಗ್ ಮುಗಿಸಿ, ಚಹಾ ಕುಡಿದು ಮತ್ತೆ ಬಸ್ಸು ಹಿಡಿಯುವವರು. ಆ ಗೈಡುಗಳಲ್ಲಿ ಸಲೀಂ ಅಲಿ ಒಂದು ಅಂಕದ ಪ್ರಶ್ನೆ. ಅವರ ಜನ್ಮದಿನ ನವೆಂಬರ್ 12, ಅದೇ ರಾಷ್ಟ್ರೀಯ ಪಕ್ಷಿ ದಿನ, ಮುಗಿಯಿತು. ಆ ಒಂದು ಅಂಕದ ಹಿಂದೆ ಎಷ್ಟು ವರ್ಷಗಳ ನಿರುದ್ಯೋಗವಿತ್ತು ಎಂಬುದು ಗೈಡಿನಲ್ಲಿ ಇರುವುದಿಲ್ಲ. ಬಿಇ ಓದುತ್ತಿರುವ ನನಗೆ ಅವರ ಜೀವನದಲ್ಲಿ ಆಸಕ್ತಿ ಹುಟ್ಟಿದ್ದೇ ಆ ಭಾಗದಿಂದ.

ಅವರು ಹುಟ್ಟಿದ್ದು 1896ರಲ್ಲಿ, ಮುಂಬೈಯಲ್ಲಿ. ಮನೆತುಂಬ ಮಕ್ಕಳಿದ್ದ ಕುಟುಂಬದ ಕಿರಿಯ ಕೂಸು. ಒಂದು ವರ್ಷದವರಿದ್ದಾಗ ತಂದೆ, ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮಗೆ ಮಕ್ಕಳಿಲ್ಲದ ಕಾರಣ ಈ ಮಕ್ಕಳನ್ನೇ ಸಾಕಿದರು. ಮಾವನಿಗೆ ಬೇಟೆಯ ಹುಚ್ಚು. ಹೀಗಾಗಿ ಹುಡುಗನ ಕೈಗೆ ಬೇಗನೇ ಏರ್‌ಗನ್ ಬಂತು.

ಹತ್ತು ವರ್ಷದ ಹುಡುಗ ಒಂದು ದಿನ ಗುಬ್ಬಚ್ಚಿಯಂಥ ಹಕ್ಕಿಯೊಂದನ್ನು ಹೊಡೆದ. ಎತ್ತಿ ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ. ಇದು ದಿನವೂ ನೋಡುವ ಗುಬ್ಬಿಯಲ್ಲ, ಇದನ್ನು ತಿನ್ನಬಹುದೋ ಬಾರದೋ ಎಂಬ ಅನುಮಾನ. ಮಾವನನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರ ಬಳಿ ಕಳಿಸಿದರು. ಕಾಗದದಲ್ಲಿ ಸುತ್ತಿದ ಸತ್ತ ಹಕ್ಕಿಯನ್ನು ಹಿಡಿದು ಹೆದರುತ್ತಾ ಹೋದ ಹುಡುಗನಿಗೆ ಮಿಲ್ಲಾರ್ಡ್ ಆ ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಕಪಾಟುಗಳನ್ನು ತೆರೆದು ಹದಮಾಡಿ ಇಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಹದಮಾಡಿ ಇಡುವ ಕೆಲಸವನ್ನೂ ಅವರು ಅಲ್ಲಿಯೇ ಕಲಿತರು. ಆ ದೊಡ್ಡ ಮನುಷ್ಯ ಅಂದು ಈ ಪೋರನನ್ನು ಬಾಗಿಲಲ್ಲೇ ಹಿಂದೆ ಕಳಿಸಿದ್ದರೆ ಏನಾಗುತ್ತಿತ್ತೋ.

ಅದೇ ಕಾಲದ ಇನ್ನೊಂದು ಘಟನೆ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಲಾಯದ ಗೋಡೆಯ ತೂತಿನಲ್ಲಿ ಗುಬ್ಬಚ್ಚಿಯೊಂದು ಮೊಟ್ಟೆಗೆ ಕಾವು ಕೊಡುತ್ತಿತ್ತು. ಗಂಡು ಹೊರಗೆ ಮೊಳೆಯ ಮೇಲೆ ಕಾವಲು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಹೆಣ್ಣಿನ ಜೊತೆಗೆ ಬೇರೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಹೋದವು. ಓದುವಾಗ ಹೊಟ್ಟೆ ತೊಳಸುತ್ತದೆ, ನಿಜ. ಆದರೆ ಆ ಹುಡುಗ ಇದನ್ನೆಲ್ಲ ದಿನಾಂಕದ ಸಮೇತ ಬರೆದಿಟ್ಟಿದ್ದ. ಹತ್ತಾರು ವರ್ಷಗಳ ನಂತರ ಆ ಟಿಪ್ಪಣಿ ಹಾಗೆಯೇ ಅಚ್ಚಾಯಿತು. ಏರ್‌ಗನ್ ಆ ಕಾಲದ ಶ್ರೀಮಂತರ ಮಕ್ಕಳೆಲ್ಲರ ಕೈಯಲ್ಲೂ ಇತ್ತು. ನೋಡಿದ್ದನ್ನು ಅಂದೇ ಬರೆದಿಡುವ ಚಾಳಿ ಇದ್ದದ್ದು ಇವರೊಬ್ಬರಿಗೆ.

ಓದು ಮಾತ್ರ ಹಳಿಗೆ ಬರಲಿಲ್ಲ. ಹದಿಮೂರರ ಹೊತ್ತಿಗೆ ಬಿಡದ ತಲೆನೋವು, ಶಾಲೆ ತಪ್ಪಿತು, ಹವಾ ಬದಲಾಗಲೆಂದು ಸಿಂಧ್ ಪ್ರಾಂತ್ಯಕ್ಕೆ ಕಳಿಸಿದರು. 1913ರಲ್ಲಿ ಮೆಟ್ರಿಕ್ ಪಾಸಾದದ್ದೇ ಹೆಚ್ಚು. ಸೇಂಟ್ ಝೇವಿಯರ್ಸ್ ಕಾಲೇಜು ಸೇರಿ ಮೊದಲ ವರ್ಷಕ್ಕೇ ಸುಸ್ತಾಗಿ ಬರ್ಮಾದ ತವೋಯ್‌ಗೆ ಹೋದರು. ಅಲ್ಲಿ ಮನೆಯವರದು ಮರದ ವ್ಯಾಪಾರ ಮತ್ತು ವುಲ್ಫ್ರಂ ಗಣಿ. ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಬರುವ ಟಂಗ್‌ಸ್ಟನ್‌ನ ಅದಿರು ಅದು. ಗಣಿಯ ಲೆಕ್ಕಪತ್ರಕ್ಕಿಂತ ಸುತ್ತಲಿನ ಕಾಡಿನ ಹಕ್ಕಿಗಳ ಕಡೆಗೇ ಅವರ ಗಮನ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಮೋಟರ್‌ಸೈಕಲ್ ಹುಚ್ಚು ಹತ್ತಿದ್ದೂ ಅಲ್ಲಿಯೇ.

1917ರಲ್ಲಿ ಮುಂಬೈಗೆ ಮರಳಿ, ಮನೆಯವರ ಒತ್ತಾಯಕ್ಕೆ ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಶಾಸ್ತ್ರ ಓದತೊಡಗಿದರು. ಈ ಕಥೆ ನಮಗೆ ಹೊಸದಲ್ಲ. ಬೇಕಾದದ್ದು ಒಂದು, ಓದುತ್ತಿರುವುದು ಇನ್ನೊಂದು. ಸೇಂಟ್ ಝೇವಿಯರ್ಸ್‌ನ ಫಾದರ್ ಬ್ಲಾಟರ್ ಎಂಬ ಸಸ್ಯವಿಜ್ಞಾನಿಗೆ ಈ ಹುಡುಗನ ಮನಸ್ಸು ಎಲ್ಲಿದೆ ಎಂದು ಗೊತ್ತಾಗಿ, ಪ್ರಾಣಿಶಾಸ್ತ್ರ ಓದಲು ಹುರಿದುಂಬಿಸಿದರು. ಬೆಳಿಗ್ಗೆ ದಾವರ್ಸ್‌ನಲ್ಲಿ ಲೆಕ್ಕಶಾಸ್ತ್ರ, ಅದು ಮುಗಿದ ಮೇಲೆ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ. ಕೋರ್ಸು ಮುಗಿಯಿತು, ವಿಶ್ವವಿದ್ಯಾಲಯದ ಡಿಗ್ರಿ ಮಾತ್ರ ಕೈಗೆ ಬರಲಿಲ್ಲ. 1918ರಲ್ಲಿ ತೆಹ್ಮಿನಾ ಅವರೊಂದಿಗೆ ಮದುವೆಯಾಯಿತು.

ಆ ಇಲ್ಲದ ಡಿಗ್ರಿ ಮೊದಲ ಪೆಟ್ಟು ಕೊಟ್ಟಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇತ್ತು. ಇವರಷ್ಟು ಹಕ್ಕಿ ಬಲ್ಲವರು ದೇಶದಲ್ಲಿ ಕೆಲವರೇ ಇದ್ದರೇನೋ, ಆದರೆ ಪದವಿ ಇಲ್ಲವೆಂದು ಕೆಲಸ ಕೊಡಲಿಲ್ಲ. ಕೊನೆಗೆ 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಹೊಸದಾಗಿ ತೆರೆದ ನಿಸರ್ಗ ವಿಭಾಗದಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ ಸಂಬಳ. ಆ ಕಾಲಕ್ಕೆ ಕಡಿಮೆ ದುಡ್ಡೇನಲ್ಲ. ಬಂದವರಿಗೆ ಗಾಜಿನ ಪೆಟ್ಟಿಗೆಯೊಳಗಿನ ಪ್ರಾಣಿ, ಹಕ್ಕಿಗಳನ್ನು ವಿವರಿಸುವುದು ಕೆಲಸ. ಎರಡು ವರ್ಷಕ್ಕೆ ಬೇಸರ ಬಂತು. ತನಗೆ ಗೊತ್ತಿರುವುದು ಸಾಲದು ಎಂದೂ ಅನಿಸಿತ್ತು. 1928ರಲ್ಲಿ ಓದಿಗೆಂದು ರಜೆ ಹಾಕಿ ಬರ್ಲಿನ್‌ಗೆ ಹೋದರು. ಭಾರತವನ್ನು ಆಳುತ್ತಿದ್ದವರ ಲಂಡನ್ನಿಗಿಂತ ಜರ್ಮನಿಯ ಎರ್ವಿನ್ ಸ್ಟ್ರೆಸೆಮನ್ ಎಂಬ ವಿಜ್ಞಾನಿಯೇ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡದ್ದು. ಬರ್ಮಾದಿಂದ ಬಂದಿದ್ದ ಹಕ್ಕಿಗಳ ಮಾದರಿಗಳನ್ನು ಮುಂದಿಟ್ಟುಕೊಂಡು ಅಲ್ಲಿ ವೈಜ್ಞಾನಿಕ ಪದ್ಧತಿ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವುದನ್ನು ಮೊದಲ ಸಲ ನೋಡಿದರು. ಸ್ಟ್ರೆಸೆಮನ್‌ರನ್ನು ಅವರು ಕೊನೆಯವರೆಗೂ ಗುರು ಎಂದೇ ತಿಳಿದರು.

1930ರಲ್ಲಿ ಮರಳಿ ಬಂದಾಗ ಮ್ಯೂಸಿಯಂನಲ್ಲಿ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ವಿದೇಶಕ್ಕೆ ಹೋಗಿ ದೊಡ್ಡವರ ಕೈಕೆಳಗೆ ಕಲಿತು ಬಂದಾಯಿತು. ಊರಿನಲ್ಲಿ ಕೆಲಸವಿಲ್ಲ. ಬಂಧುಗಳು ಏನೆಂದಿರಬಹುದು ಎಂಬುದನ್ನು ಊಹಿಸಲು ನಮಗೆ ಕಷ್ಟವಿಲ್ಲ. ಮದುವೆ ಮನೆಗೆ ಹೋದರೆ ಮುಂದೇನು ಮಾಡ್ತೀಯಪ್ಪಾ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸಲೀಂ ಅಲಿ ದಂಪತಿ ಮುಂಬೈ ಬಿಟ್ಟು ಸಮುದ್ರದ ಆಚೆ ದಡದಲ್ಲಿ, ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಹಳ್ಳಿಗೆ ಹೋದರು. ಮರಗಳ ನಡುವೆ ಒಂದು ಸಣ್ಣ ಮನೆ. ಮಳೆಗಾಲ ಶುರುವಾಗಿತ್ತು. ಹತ್ತಿರದಲ್ಲೇ ಗೀಜಗಗಳು ಗೂಡು ನೇಯಲು ಸುರುಮಾಡಿದ್ದವು. ಸಲೀಂ ಅಲಿ ಅವುಗಳನ್ನು ನೋಡುತ್ತಾ ಕುಳಿತರು.

ಗೀಜಗದ ಗೂಡು ನಮ್ಮ ಭಾಗದಲ್ಲಿ ನೋಡದವರು ಯಾರು? ಬಾವಿಯ ಮೇಲೆ ಬಾಗಿದ ಜಾಲಿ ಗಿಡದಲ್ಲಿ ಸೋರೆಕಾಯಿಯಂತೆ ಜೋತುಬಿದ್ದ ಹತ್ತಿಪ್ಪತ್ತು ಗೂಡುಗಳು. ಗಾಳಿಗೆ ತೂಗುತ್ತವೆ, ಹರಿಯುವುದಿಲ್ಲ. ಕಂಬ, ಮೊಳೆ, ಅಂಟು ಏನೂ ಇಲ್ಲದೆ ಬರಿ ಹುಲ್ಲಿನ ಎಳೆಯಲ್ಲಿ ಇಂಥ ರಚನೆ ಹೇಗೆ ನಿಲ್ಲುತ್ತದೆ ಎಂದು ಸಿವಿಲ್ ಓದುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಗೂಡು ಎಲ್ಲರೂ ನೋಡಿದ್ದರು. ಆ ಗೂಡಿನೊಳಗಿನ ಸಂಸಾರ ಹೇಗೆ ನಡೆಯುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ಕೂತು ನೋಡಿದವರು ಅಲ್ಲಿಯವರೆಗೆ ಇರಲಿಲ್ಲ.

ಅವರು ಕಂಡದ್ದು ಇದು. ಗೂಡು ನೇಯುವುದು ಗಂಡು. ಅದು ಗೂಡನ್ನು ಪೂರ್ತಿ ಮಾಡುವುದಿಲ್ಲ, ಅರ್ಧಕ್ಕೆ, ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಗುಂಪಾಗಿ ಬರುತ್ತವೆ. ಒಂದೊಂದು ಗೂಡಿಗೂ ಹೋಗಿ ಎಳೆದು, ಜಗ್ಗಿ, ಪರೀಕ್ಷೆ ಮಾಡುತ್ತವೆ. ಮೆಚ್ಚಿದ ಗೂಡಿನಲ್ಲಿ ಒಂದು ಹೆಣ್ಣು ಉಳಿದ ಮೇಲೆಯೇ ಗಂಡು ಉಳಿದ ಅರ್ಧವನ್ನೂ, ಕೊಳವೆಯಂಥ ಬಾಗಿಲನ್ನೂ ನೇಯ್ದು ಮುಗಿಸುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಕಾವಿಗೆ ಕೂತಳೋ, ಈತ ಪಕ್ಕದ ಟೊಂಗೆಯಲ್ಲಿ ಹೊಸ ಗೂಡು ಶುರುಮಾಡಿ ಇನ್ನೊಬ್ಬಳನ್ನು ಕರೆಯುತ್ತಾನೆ. ಯಾರೂ ಮೆಚ್ಚದ ಗೂಡು ಅರ್ಧಕ್ಕೇ ಉಳಿಯುತ್ತದೆ. ನಾವು ಜಾಲಿ ಗಿಡದಲ್ಲಿ ನೋಡುವ ಅರೆಬರೆ ಗೂಡುಗಳ ಅರ್ಥ ಅದು! ಅಂದರೆ ಒಂದು ಗಂಡಿಗೆ ಒಂದೇ ಋತುವಿನಲ್ಲಿ ಒಬ್ಬಳ ನಂತರ ಒಬ್ಬಳಂತೆ ಹಲವು ಜೊತೆ. ಯಾರ ಗೂಡು, ಎಷ್ಟು ದಿನ, ಯಾವಾಗ ಯಾರು ಬಂದರು ಎಂಬುದನ್ನು ದಿನವೂ ಬರೆದಿಟ್ಟರೆ ಮಾತ್ರ ಗೊತ್ತಾಗುವ ಸಂಗತಿ ಇದು. ಒಂದು ದಿನ ಹೋಗಿ ಫೋಟೊ ತೆಗೆದು ಬಂದವರಿಗೆ ಕಾಣುವುದಲ್ಲ.

ಈ ಅಧ್ಯಯನ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಪಕ್ಷಿವಿಜ್ಞಾನಿಗಳ ಲೋಕ ಈ ಹೆಸರನ್ನು ಗಮನಿಸಿತು. ಕೆಲಸವಿದ್ದಿದ್ದರೆ ಆ ಮಳೆಗಾಲದಲ್ಲಿ ಅವರು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆ ತೋರಿಸುತ್ತಾ ನಿಂತಿರುತ್ತಿದ್ದರು. ಹಾಗೆಂದು ಕೆಲಸ ಹೋದದ್ದೇ ಒಳ್ಳೆಯದಾಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವರ ಬೆನ್ನಿಗೆ ಅನುಕೂಲಸ್ಥ ಕುಟುಂಬವಿತ್ತು, ಜೊತೆಗೆ ನಿಂತ ಹೆಂಡತಿಯಿದ್ದರು, ಇರಲು ಸೂರಿತ್ತು. ಶಿಕ್ಷಣ ಸಾಲದ ಕಂತು ಕಟ್ಟಬೇಕಾದ, ಅಪ್ಪನ ದ್ರಾಕ್ಷಿ ತೋಟ ಆಲಿಕಲ್ಲು ಮಳೆಗೆ ಹೋದ ಮನೆಯ ಹುಡುಗನಿಗೆ ಕಿಹಿಮ್‌ನ ಆ ಮನೆ ಸಿಗುವುದಿಲ್ಲ. ಸಲೀಂ ಅಲಿಯವರ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಅದು ನಮ್ಮಂಥವರಿಗೆ ಮಾಡುವ ಮೋಸ. ಆದರೆ ಅದೇ ಅನುಕೂಲವಿದ್ದ ಬೇರೆ ಎಷ್ಟೋ ಜನ ಆ ಗೂಡಿನ ಕೆಳಗೆ ಕೂರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದೆ ಅವರೇ ತಮಗೊಂದು ಉದ್ಯೋಗ ಹುಟ್ಟಿಸಿಕೊಂಡರು. ದೇಶದ ಬಹಳ ಭಾಗ ಆಗ ಸಂಸ್ಥಾನಗಳ ಕೈಯಲ್ಲಿತ್ತು. ಅಲ್ಲಿ ಯಾವ ಹಕ್ಕಿಗಳಿವೆ ಎಂದು ಯಾರೂ ಕ್ರಮವಾಗಿ ನೋಡಿರಲಿಲ್ಲ. ನನಗೆ ಸಂಬಳ ಬೇಡ, ಓಡಾಟ ಮತ್ತು ಬಿಡಾರದ ಖರ್ಚು ಕೊಟ್ಟರೆ ನಿಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂಬುದು ಅವರ ಪ್ರಸ್ತಾಪ. ಮೊದಲು ಒಪ್ಪಿದ ಸಂಸ್ಥಾನಗಳಲ್ಲಿ ಹೈದರಾಬಾದ್ ಒಂದು. 1931-32ರಲ್ಲಿ ಆ ಕೆಲಸ ನಡೆಯಿತು. ಆಮೇಲೆ ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೋರ್, ಭೋಪಾಲ್. ಎತ್ತಿನ ಗಾಡಿ, ಡೇರೆ, ಕಂದೀಲು. ತೆಹ್ಮಿನಾ ಕಾಡಿನ ಬಿಡಾರಗಳಲ್ಲಿ ಜೊತೆಗೇ ಇದ್ದರು.

ಹ್ಯೂ ವಿಸ್ಲರ್ ಎಂಬ ಇಂಗ್ಲಿಷ್ ಪಕ್ಷಿತಜ್ಞರ ಪ್ರಸಂಗ ಇಲ್ಲಿ ಹೇಳಬೇಕು. ವಿಸ್ಲರ್ ಬರೆದಿದ್ದರಲ್ಲಿ ಒಂದು ತಪ್ಪಿದೆ ಎಂದು ಸಲೀಂ ಅಲಿ ತೋರಿಸಿಕೊಟ್ಟರು. ಹೆಸರಿಲ್ಲದ ಭಾರತೀಯನೊಬ್ಬ ತನ್ನ ತಪ್ಪು ಹಿಡಿದನೆಂದು ವಿಸ್ಲರ್‌ಗೆ ಮೊದಲು ಸಿಟ್ಟು ಬಂತು. ಆಮೇಲೆ ಮಾದರಿಗಳನ್ನು ತೆಗೆದು ಮತ್ತೊಮ್ಮೆ ನೋಡಿದರೆ ಹುಡುಗ ಹೇಳಿದ್ದೇ ಸರಿ. ಒಪ್ಪಿಕೊಂಡರು, ಮುಂದೆ ಹತ್ತಿರದ ಸ್ನೇಹಿತರಾದರು. ಸಮೀಕ್ಷೆಗಳಲ್ಲಿ ಸಿಕ್ಕ ಮಾದರಿಗಳನ್ನು ಕುರಿತು ವಿಸ್ಲರ್ ಬರೆದ ಟಿಪ್ಪಣಿಗಳೂ ಆ ವರದಿಗಳಲ್ಲಿ ಸೇರಿವೆ.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ಸಮೀಕ್ಷೆ ಎಂದರೆ ಹಕ್ಕಿಗಳನ್ನು ಗುಂಡಿಕ್ಕಿ, ಚರ್ಮ ಸುಲಿದು, ಚೀಟಿ ಕಟ್ಟಿ ಇಡುವುದು. ಸಲೀಂ ಅಲಿ ಸಾವಿರಾರು ಹಕ್ಕಿಗಳನ್ನು ಹೀಗೆ ಕೂಡಿಹಾಕಿದರು. ಸಂರಕ್ಷಣೆಗೆ ಬೇಕಾದ ಜ್ಞಾನ ಅದರಿಂದಲೇ ಬಂತೆಂದು ಅವರು ನಂಬಿದ್ದರು, ಅದಕ್ಕಾಗಿ ಮುಜುಗರ ಪಟ್ಟವರಲ್ಲ. ಇವತ್ತು ದುರ್ಬೀನು, ಕ್ಯಾಮೆರಾ, ಧ್ವನಿ ದಾಖಲಿಸುವ ಯಂತ್ರ ಇರುವಾಗ ನಮಗೆ ಅದು ಒಗ್ಗುವುದಿಲ್ಲ. ಆದರೂ ಅವರಿಗೆ ಹಕ್ಕಿಯ ದೇಹದ ಅಳತೆಗಿಂತ ಬದುಕಿರುವ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಯಾವ ಗಿಡದ ಜೊತೆ ಅದಕ್ಕೆ ಏನು ಸಂಬಂಧ ಎಂಬುದರಲ್ಲೇ ಹೆಚ್ಚು ಆಸಕ್ತಿ. ಈಗ ನಾವು ಪರಿಸರ ವಿಜ್ಞಾನ ಎಂದು ಕರೆಯುವುದನ್ನು ಅವರು ಹೊಲ, ಕಾಡುಗಳಲ್ಲಿ ನಿಂತು ಮಾಡುತ್ತಿದ್ದರು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹ್ಮಿನಾ ತೀರಿಕೊಂಡರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು, ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗುವ ಮನೆಯೆಂದರೆ ಅಕ್ಕ ಕಮ್ಮೂ ಮತ್ತು ಭಾವನ ಮನೆ.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಆ ದುಃಖದ ಬೆನ್ನಿಗೇ, 1939-40ರಲ್ಲಿ. ಮಲೆನಾಡಿನ ದಟ್ಟ ಕಾಡಿನಿಂದ ಬಯಲುಸೀಮೆಯ ಕುರುಚಲಿನವರೆಗೆ ತಿರುಗಿ ಅವರು ಮಾಡಿದ ಮೈಸೂರು ಹಕ್ಕಿಗಳ ಪಟ್ಟಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಆದರೆ ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡುವುದು ಅವರು ಕಾವೇರಿಯಲ್ಲಿ ಕಂಡದ್ದನ್ನು. ಹದಿನೇಳನೇ ಶತಮಾನದಲ್ಲಿ, 1645 ಮತ್ತು 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಹತ್ತಿರ ನದಿಗೆ ಅಡ್ಡಗಟ್ಟೆ ಕಟ್ಟಿದಾಗ ನೀರಿನ ನಡುವೆ ಸಣ್ಣಸಣ್ಣ ನಡುಗಡ್ಡೆಗಳು ಉಳಿದಿದ್ದವು. ನೀರಾವರಿಗೆಂದು ಕಟ್ಟಿದ ಗಟ್ಟೆ ಹಕ್ಕಿಗಳಿಗೆ ಹೆರಿಗೆ ಮನೆಯಾಗಿತ್ತು. ಬೇಟೆ ನಾಯಿ, ನರಿ ಈಜಿ ಬರಲಾಗದ ಜಾಗ, ಸುತ್ತ ಮೊಸಳೆಗಳ ಕಾವಲು. ಬಾಯ್ಕಳಕ, ಬೆಳ್ಳಕ್ಕಿ, ಚಮಚ ಕೊಕ್ಕಿನ ಹಕ್ಕಿಗಳು ಅಲ್ಲಿ ನೆರೆಯುತ್ತಿದ್ದವು. ಇದನ್ನು ಕಾಪಾಡಬೇಕೆಂದು ಸಲೀಂ ಅಲಿ ಒಡೆಯರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ, 0.67 ಅಷ್ಟೇ. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ಮರುವರ್ಷ, 1941ರಲ್ಲಿ, ಭಾರತೀಯ ಹಕ್ಕಿಗಳ ಬಗ್ಗೆ ಸಾಮಾನ್ಯರಿಗಾಗಿ ಬರೆದ ಪುಸ್ತಕ ಬಂತು. ಚಿತ್ರ ನೋಡಿ ಹಕ್ಕಿ ಗುರುತಿಸುವ ಹವ್ಯಾಸ ನಮ್ಮ ದೇಶದಲ್ಲಿ ಅದರಿಂದ ಬೆಳೆಯಿತು. ಅಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡಬಹುದು. ಸ್ವಾತಂತ್ರ್ಯದ ನಂತರ ದುಡ್ಡಿಲ್ಲದೆ ಮುಚ್ಚುವಂತಿದ್ದ ಸೊಸೈಟಿಗಾಗಿ ನೆಹರೂ ಅವರಿಗೆ ಬರೆದು ನೆರವು ತಂದರು. ಅಮೆರಿಕದ ಡಿಲನ್ ರಿಪ್ಲೆ ಜೊತೆ ಸೇರಿ ಭಾರತ, ಪಾಕಿಸ್ತಾನದ ಹಕ್ಕಿಗಳ ಹತ್ತು ಸಂಪುಟಗಳ ಕೈಪಿಡಿ ಬರೆದರು. ಮೊದಲ ಸಂಪುಟ 1968ರಲ್ಲಿ, ಕೊನೆಯದು 1974ರಲ್ಲಿ. ಆಗ ಅವರಿಗೆ ಎಪ್ಪತ್ತೇಳು. ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆಯ ನಾಮಕರಣ ಎಲ್ಲ ಬಂದವು. ಪಾಲ್ ಗೆಟ್ಟಿ ಪ್ರಶಸ್ತಿಯ 50,000 ಡಾಲರನ್ನು ಸಂರಕ್ಷಣಾ ನಿಧಿಗೇ ಕೊಟ್ಟರು. ಡಿಗ್ರಿಯಿಲ್ಲವೆಂದು ಕೆಲಸ ನಿರಾಕರಿಸಿದ ದೇಶದಲ್ಲೇ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅವರೇ ಮಾರ್ಗದರ್ಶಕರೂ ಆದರು.

ಎಂಜಿನಿಯರಿಂಗ್ ಹುಡುಗರಿಗಾಗಿ ಒಂದು ವಿಷಯ ಬಿಡಲಾರೆ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ. ಐವತ್ತಮೂರು ವರ್ಷದ ಸಲೀಂ ಅಲಿ ತಮ್ಮ ಸನ್‌ಬೀಮ್ ಮೋಟರ್‌ಸೈಕಲ್ಲನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅಲ್ಲಿ ಸವಾರಿ ಮಾಡುತ್ತಾ ಸಮ್ಮೇಳನಕ್ಕೆ ಹೋದರು. ಇವರು ಭಾರತದಿಂದಲೇ ಬೈಕ್ ಓಡಿಸಿಕೊಂಡು ಬಂದಿದ್ದಾರೆಂದು ಅಲ್ಲಿ ಸುದ್ದಿ ಹಬ್ಬಿತ್ತಂತೆ. ಹಾರ್ಲೆ ಡೇವಿಡ್‌ಸನ್ ಸೇರಿ ಹಲವು ಬೈಕುಗಳನ್ನು ಇಟ್ಟಿದ್ದ ಅವರಿಗೆ ಬಿಎಂಡಬ್ಲ್ಯು ಒಂದು ಸಿಗಲಿಲ್ಲವೆಂಬ ಕೊರಗು ಮಾತ್ರ ಉಳಿದೇ ಹೋಯಿತು.

ಕರ್ನಾಟಕ ಅವರ ಜೀವನದಲ್ಲಿ ಇನ್ನೊಮ್ಮೆ ಬಂದದ್ದು ಒಂದು ರೋಗದ ಮೂಲಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆಯ ಆ ವೈರಸ್ಸು ರಷ್ಯಾದ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದು ಎಂದು ತಿಳಿದಾಗ, ಚಳಿಗಾಲಕ್ಕೆ ಅಲ್ಲಿಂದ ಬರುವ ವಲಸೆ ಹಕ್ಕಿಗಳೇ ಉಣ್ಣೆಗಳ ಜೊತೆ ಇದನ್ನು ತಂದವೇ ಎಂಬ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಹೆಲಿಗೋಲ್ಯಾಂಡ್‌ನಲ್ಲಿ ಮೂವತ್ತು ವರ್ಷಗಳ ಹಿಂದೆ ಕಂಡಿದ್ದ ಉಂಗುರ ತೊಡಿಸುವ ಕೆಲಸವನ್ನು ಸಲೀಂ ಅಲಿ ಈಗ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುಮಾಡಿದರು. ರೋಗ ತಂದದ್ದು ಹಕ್ಕಿಗಳೆಂಬುದಕ್ಕೆ ಖಚಿತ ಸಾಕ್ಷಿ ಸಿಗಲಿಲ್ಲ. ಆದರೆ ನಮ್ಮ ಕೆರೆಗಳಲ್ಲಿ ಚಳಿಗಾಲ ಕಳೆಯುವ ಬಾತುಗಳು, ಸಿಪಿಲೆಗಳು ಬೇಸಿಗೆಗೆ ಎಲ್ಲಿಗೆ ಹೋಗುತ್ತವೆ ಎಂಬುದು ಆ ಉಂಗುರಗಳಿಂದ ತಿಳಿಯತೊಡಗಿತು.

ಎಲ್ಲವೂ ಅವರು ಅಂದುಕೊಂಡಂತೆ ಆಯಿತೆಂದಲ್ಲ. ರಾಜಸ್ಥಾನದ ಭರತಪುರ ರಾಜರ ಬೇಟೆಯ ಜಾಗವಾಗಿತ್ತು, ಅದು ಕೇವಲಾದೇವ್ ರಾಷ್ಟ್ರೀಯ ಉದ್ಯಾನವಾಗಲು ಸಲೀಂ ಅಲಿ ಬಹಳ ದುಡಿದರು. ಅಲ್ಲಿ ಎಮ್ಮೆ, ದನ ಮೇಯುವುದನ್ನು ನಿಲ್ಲಿಸಬೇಕೆಂಬುದು ಅವರ ನಿಲುವು. 1982ರಲ್ಲಿ ಮೇವು ನಿಷೇಧವಾದಾಗ ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಗೋಲಿಬಾರ್‌ನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಎಮ್ಮೆಗಳು ಹೋದ ಮೇಲೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಇದನ್ನು ಲೆಕ್ಕಸಮೇತ ಹೇಳಿದ್ದು ಅವರದೇ ಸೊಸೈಟಿಯ ವಿಜ್ಞಾನಿಗಳು ಹತ್ತು ವರ್ಷ ನಡೆಸಿದ ಅಧ್ಯಯನ. ತಮ್ಮ ಹಿರಿಯರ ಅಭಿಪ್ರಾಯಕ್ಕೆ ವಿರುದ್ಧವಾದದ್ದನ್ನು ಆ ಸಂಸ್ಥೆ ಬರೆದು ಪ್ರಕಟಿಸಿತು. ನನಗೆ ಈ ಕ್ಷೇತ್ರದ ಮೇಲೆ ಗೌರವ ಹೆಚ್ಚಿದ್ದು ಇದನ್ನು ಓದಿದಾಗ. ಆದರೆ ಸತ್ತ ಹಳ್ಳಿಗರು ಆ ವರದಿಯಿಂದ ಬದುಕಿ ಬರಲಿಲ್ಲ.

ಅವರು ಸೋತ ಇನ್ನೊಂದು ವಾದ ನಮ್ಮ ಎರೆ ನೆಲಕ್ಕೆ ಸಂಬಂಧಿಸಿದ್ದು. ರಾಷ್ಟ್ರಪಕ್ಷಿ ಯಾವುದಾಗಬೇಕು ಎಂಬ ಚರ್ಚೆ ನಡೆದಾಗ ಅವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಪರವಾಗಿದ್ದರು. ನಮ್ಮಲ್ಲಿ ಎರೆಭೂತ ಎನ್ನುವ, ಮಗುವಿನೆತ್ತರದ ಬಯಲಿನ ಹಕ್ಕಿ. ರಾಷ್ಟ್ರಪಕ್ಷಿಯಾದರೆ ಉಳಿದೀತು ಎಂಬ ಆಸೆ. 1963ರಲ್ಲಿ ನವಿಲು ಆಯ್ಕೆಯಾಯಿತು. ಎರೆಭೂತಗಳು ಈಗ ಇಡೀ ದೇಶದಲ್ಲಿ ಇನ್ನೂರೂ ಇಲ್ಲ. ನಮ್ಮ ರಾಜ್ಯದಲ್ಲಿ ಸಿರಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿದ್ದವು. ಇವು ಭಾರದ ಹಕ್ಕಿಗಳು, ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡರೂ ತಟ್ಟನೆ ತಿರುಗಲಾರವು. ರಾಜಸ್ಥಾನ, ಗುಜರಾತಿನಲ್ಲಿ ಹೈಟೆನ್ಷನ್ ತಂತಿಗೆ ಬಡಿದು ಸಾಯುತ್ತಿವೆ. ತಂತಿಯನ್ನು ನೆಲದಡಿ ಹಾಕಬೇಕೇ, ಎಲ್ಲಿ ಹಾಕಬೇಕು, ಎಷ್ಟು ಖರ್ಚು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಇದು ಎಲೆಕ್ಟ್ರಿಕಲ್ ಓದುವವರು ಬಿಡಿಸಬೇಕಾದ ಲೆಕ್ಕ. ವನ್ಯಜೀವಿ ವಿಜ್ಞಾನಕ್ಕೆ ಪ್ರಾಣಿಶಾಸ್ತ್ರದವರಷ್ಟೇ ಸಾಕು ಎಂಬ ಕಾಲ ಹೋಯಿತು. ಹುಲಿ ಗಣತಿಗೆ ವೈಜ್ಞಾನಿಕ ಪದ್ಧತಿ ತಂದ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎಂಎಸ್ಸಿಗೆ ಬಿಇ ಮಾಡಿದವರೂ ಸೇರಿದ್ದಾರೆ. ಡೆಹ್ರಾಡೂನ್‌ನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಇದೆ, ಕೊಯಮತ್ತೂರಿನಲ್ಲಿ 1990ರಲ್ಲಿ ಶುರುವಾದ, ಸಲೀಂ ಅಲಿ ಹೆಸರಿನದೇ ಪಕ್ಷಿವಿಜ್ಞಾನ ಕೇಂದ್ರವಿದೆ. ಸೀಟು ಕಡಿಮೆ, ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಬಹುದು, ಸಾಫ್ಟ್‌ವೇರ್ ಪ್ಯಾಕೇಜಿನ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ತಿಳಿದೇ ಹೋಗಬೇಕು.

ಸಲೀಂ ಅಲಿ 1987ರ ಜೂನ್ 20ರಂದು ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ವರ್ಷ ಮೊದಲಷ್ಟೇ ಆತ್ಮಕಥೆ ಬಂದಿತ್ತು. ಅದರ ಹೆಸರಿನಲ್ಲೂ ಆ ಗುಬ್ಬಿಯೇ ಇತ್ತು.

ನಕ್ಷೆ ಮುಂದಿಟ್ಟು ನೋಡಿದಾಗ ನನಗೊಂದು ಸಂಗತಿ ಹೊಳೆಯಿತು. ಅವರು ಸಮೀಕ್ಷೆ ಮಾಡಿದ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ್ ಇದ್ದವು. ಮೈಸೂರು ಸಂಸ್ಥಾನದ್ದು ದಕ್ಷಿಣದ ಕಥೆ. ನಮ್ಮ ವಿಜಯಪುರ ಆಗ ಮುಂಬೈ ಪ್ರಾಂತ್ಯದ ಜಿಲ್ಲೆ, ಆ ಎರಡೂ ಸಮೀಕ್ಷೆಗಳ ಹೊರಗೆ ಉಳಿಯಿತು. ಇಲ್ಲಿ ಹಕ್ಕಿಗಳಿಗೇನೂ ಬರವಿಲ್ಲ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಊರ ಪಕ್ಕದಲ್ಲೇ ಭೂತನಾಳ ಕೆರೆ ಇದೆ. ದ್ರಾಕ್ಷಿ ಪಡಗಳು, ಜೋಳದ ಹೊಲ, ಖಾಲಿ ಬಿದ್ದ ಎರೆ ಬಯಲು ಎಲ್ಲವೂ ಇವೆ. ನೋಡಿದ ಹಕ್ಕಿ, ದಿನ, ಜಾಗ, ಎಣಿಕೆಯನ್ನು ಈಗ ಮೊಬೈಲಿನಲ್ಲೇ ಇ-ಬರ್ಡ್‌ಗೆ ಸೇರಿಸಬಹುದು, ದುಡ್ಡು ಬೇಕಿಲ್ಲ, ಡಿಗ್ರಿ ಕೇಳುವವರಿಲ್ಲ. ಹತ್ತು ವರ್ಷದ ಹುಡುಗ ಹೊಡೆದ ಆ ಹಳದಿ ಕೊರಳಿನ ಗುಬ್ಬಿಯೂ ನಮ್ಮಂಥ ಒಣ ಸೀಮೆಯದೇ ಹಕ್ಕಿ. ಹಳೆಯ ಮರಗಳ ಪೊಟರೆಯಲ್ಲಿ ಗೂಡು ಮಾಡುತ್ತದೆ. ಮನೆಗುಬ್ಬಿಗಿಂತ ತೆಳ್ಳಗೆ, ಭುಜದ ಮೇಲೆ ಕಂದು ಪಟ್ಟಿ, ಕೊರಳ ಮಚ್ಚೆ ಕಾಣಬೇಕಾದರೆ ಅದು ಕತ್ತೆತ್ತುವವರೆಗೆ ಕಾಯಬೇಕು.